ದಾರಿಯಲ್ಲಿ ಇಳಿದ ಬುಟ್ಟಿ

ಹಡಗಲಿ ಬಸ್ಸು ಕೊಟ್ಟೂರಿನ ಸ್ಟ್ಯಾಂಡಿಗೆ ಬಂದಾಗ ಗಾಳೆಪ್ಪ ಇಳಿಯುವ ಜನರ ಕಡೆ ನೋಡಲಿಲ್ಲ. ಬಸ್ಸು ಪೂರಾ ನಿಲ್ಲುವ ಮೊದಲೇ ಹಿಂದಿನ ಏಣಿ ಹಿಡಿದು ಟಾಪ್ ಹತ್ತಿದ. ಮೇಲೆ ಮೆಣಸಿನಕಾಯಿ ಚೀಲಗಳಿದ್ದವು, ಕಾಲು ಕಟ್ಟಿದ ಹೋತ ಇತ್ತು, ಬೇರೆಯವರ ಹೂವಿನ ಬುಟ್ಟಿಗಳಿದ್ದವು. ಕೆಂಪು ದಾರದಲ್ಲಿ ಬಾಯಿ ಹೊಲಿದ ಅವನ ಬುಟ್ಟಿ ಇರಲಿಲ್ಲ. ಚೀಲಗಳನ್ನು ಸರಿಸಿ ನೋಡಿದ. ಹೋತ ಅವನ ಮೊಣಕೈಗೆ ಹಾಯಿತು.

"ಏ ಗಾಳೆಪ್ಪಣ್ಣ, ಇಳಿಯೋ ಮಾರಾಯ! ನಿನ್ನ ಬುಟ್ಟಿ ಮ್ಯಾಲಿಲ್ಲ," ಎಂದು ಕಂಡಕ್ಟರ್ ಸುಂಕಪ್ಪ ಕೆಳಗಿನಿಂದ ಕೂಗಿದ.

"ಹಡಗಲ್ಯಾಗ ಹಾಕಲಿಲ್ಲೇನು?"

"ಹಾಕಿದ್ರು. ಕೆಂಚಲಾಪುರದಾಗ ಇಳೀತು."

ಇಳಿಯುತ್ತಿದ್ದ ಗಾಳೆಪ್ಪ ಏಣಿಯ ಮೇಲೆಯೇ ನಿಂತ. "ಯಾರು ಇಳಿಸಿಕೊಂಡ್ರು?"

"ಯಾರೇನು, ನಿನ್ನ ಹೆಂಡ್ತಿನ. ಮರುಳಸಿದ್ದಮ್ಮಾರು ತೀರಿಕೊಂಡಾರಲ್ಲ, ಹೆಣಕ್ಕ ಹೂವು ಬೇಕಂತ ಊರವ್ರು ಬಸ್ಸಿಗೆ ಕೈ ಅಡ್ಡ ಹಿಡಿದ್ರು. ನಾ ಕೈಗೆ ಸಿಕ್ಕಿದ್ದು ಯಾವ್ದೋ ಬುಟ್ಟಿ ತಗಿಯಾಕ ಹೋದೆ. ಪಕ್ಕೀರಮ್ಮ ಮುಂದ ಬಂದು, ಬ್ಯಾರೆಯವ್ರ ಹೂವು ಯಾಕ್ರಿ, ಕೆಂಪು ದಾರದ್ದು ನಮ್ಮದ ಐತಿ, ಅದನ್ನ ಇಳಸ್ರಿ ಅಂದ್ಳು. ದೊಡ್ಡ ಮನಸು ಬಿಡಪಾ ಆಕೀದು. ನೀ ಇದ್ದಿದ್ರ ಕೊಡ್ತಿದ್ದಿಲ್ಲ."

ಸುಂಕಪ್ಪ ನಕ್ಕ. ಗಾಳೆಪ್ಪನೂ ನಗಲು ನೋಡಿದ, ಆಗಲಿಲ್ಲ.

ಹೂವು ಸಾಗಿಸುವ ಬಸ್ಸುಗಳಲ್ಲಿ ಅದೊಂದು ನಡೆದುಬಂದ ರೂಢಿ. ದಾರಿಯ ಊರಿನಲ್ಲಿ ಸಾವಾಗಿ, ಅಲ್ಲಿಯವರು ಬಸ್ಸು ತಡೆದು ಹೂವು ಕೇಳಿದರೆ ಇಲ್ಲ ಅನ್ನುವಂತಿಲ್ಲ. ಒಂದು ಬುಟ್ಟಿ ಇಳಿಯುತ್ತದೆ. ಅದಕ್ಕೆ ರೊಕ್ಕ ಕೇಳುವುದಿಲ್ಲ, ಬುಟ್ಟಿಯೂ ತಿರುಗಿ ಬರುವುದಿಲ್ಲ. ಯಾರ ಬುಟ್ಟಿ ಇಳಿಯಿತೋ ಅವರು ಆ ದಿನ ಕೈ ಜಾಡಿಸಿಕೊಂಡು ಸುಮ್ಮನಾಗುತ್ತಾರೆ. ಗಾಳೆಪ್ಪ ಸುಮ್ಮನಾಗುವ ಹಾಗಿರಲಿಲ್ಲ. ಆ ಬುಟ್ಟಿಯಲ್ಲಿ ಮೇಲೆ ಮಲ್ಲಿಗೆ ಮೊಗ್ಗು, ನಡುವೆ ಒದ್ದೆ ಬಟ್ಟೆ, ಅದರ ಕೆಳಗೆ ನೀಲಿ ಪ್ಲಾಸ್ಟಿಕ್ಕಿನಲ್ಲಿ ಬಿಗಿಯಾಗಿ ಸುತ್ತಿದ ಗಾಂಜಾ ಕಟ್ಟುಗಳಿದ್ದವು.

ಪಕ್ಕೀರಮ್ಮನಿಗೆ ಇದು ಗೊತ್ತಿರಲಿಲ್ಲ. ಅವಳಿಗೆ ಗೊತ್ತಿದ್ದದ್ದು, ಎರಡು ವರ್ಷದ ಹಿಂದೆ ಗಂಡ ಸ್ಟ್ಯಾಂಡಿನಲ್ಲಿ ಲಾರಿ ಕ್ಲೀನರುಗಳಿಗೂ ಹಮಾಲರಿಗೂ ಪೊಟ್ಟಣ ಮಾರುತ್ತ ಸಿಕ್ಕಿಬಿದ್ದು ಬಳ್ಳಾರಿ ಜೈಲಿನಲ್ಲಿ ಮೂರು ತಿಂಗಳು ಇದ್ದು ಬಂದ ಎಂಬುದು. ಹೊರಗೆ ಬಂದವನು ಬಸವೇಶ್ವರನ ಗುಡಿಯ ಮುಂದೆ ಅವಳ ತಲೆ ಮುಟ್ಟಿ ಬಿಟ್ಟೆ ಎಂದಿದ್ದ. "ಇನ್ನೊಂದು ಸಲ ಆದ್ರ ನಾ ಜೈಲಿನ ಬಾಗಲಿಗೆ ಬರಾಕಿ ಅಲ್ಲ. ತವರಮನಿಗೆ, ಕೆಂಚಲಾಪುರಕ್ಕ ಹೋಗಾಕಿ," ಎಂದು ಅವಳು ಹೇಳಿದ್ದಳು. ಆಣೆ ಒಂದು ಬೇಸಿಗೆ ಉಳಿಯಿತು. ಹರಪನಹಳ್ಳಿಯ ಮಂಜಣ್ಣ ಹೊಸ ದಾರಿ ತೋರಿಸಿದ. ಹೂವಿನ ಬುಟ್ಟಿಯ ತಳಕ್ಕೆ ಯಾವ ಪೊಲೀಸನೂ ಕೈ ಹಾಕುವುದಿಲ್ಲ. ಕೈ ಹಾಕಿದರೆ ಮೊಗ್ಗು ಕೆಡುತ್ತದೆ, ಹೂವಿನವರು ಬೀದಿಯಲ್ಲಿ ನಿಂತು ಬೊಬ್ಬೆ ಹಾಕುತ್ತಾರೆ. ಮಲ್ಲಿಗೆ ವಾಸನೆಯ ಕೆಳಗೆ ಬೇರೆ ಯಾವ ವಾಸನೆಯೂ ಏಳುವುದಿಲ್ಲ. ಹಡಗಲಿಯಲ್ಲಿ ಬುಟ್ಟಿ ಕಟ್ಟುವವನು ಮಂಜಣ್ಣನ ಕಡೆಯವನೇ ಆಗಿದ್ದ. ಕೊಟ್ಟೂರಿನಲ್ಲಿ ಗಾಳೆಪ್ಪ ಬುಟ್ಟಿ ಇಳಿಸಿಕೊಂಡು ಮನೆಯ ಹಿತ್ತಲಲ್ಲಿ ತಳ ಖಾಲಿ ಮಾಡಿ, ಮೊಗ್ಗನ್ನು ಹೆಂಡತಿಯ ಮುಂದೆ ಸುರಿಯುತ್ತಿದ್ದ. ಸ್ವಲ್ಪ ಮಾಲು ಅವನು ಚಿಲ್ಲರೆಯಾಗಿ ಮಾರಲಿಕ್ಕೆ. ಉಳಿದದ್ದನ್ನು ಮಂಜಣ್ಣ ಸಂಜೆ ಬಂದು ಒಯ್ದು ಕೂಡ್ಲಿಗಿಯಲ್ಲಿ ಹೆದ್ದಾರಿಯ ಲಾರಿಗಳಿಗೆ ಮುಟ್ಟಿಸುತ್ತಿದ್ದ.

ಹಿಂದಿನ ನವೆಂಬರಿನಲ್ಲಿ, ಅಂದರೆ ಎಂಬತ್ತೈದರಲ್ಲಿ, ಗಾಂಜಾ ಮಾರುವವರ ಮೇಲೆ ಹೊಸ ಕಾನೂನು ಬಂದಿತ್ತು. ಅದನ್ನು ಗಾಳೆಪ್ಪನಿಗೆ ತಿಳಿಸಿದವರು ಪೊಲೀಸ್ ಠಾಣೆಯ ದಫೇದಾರ್ ಪಾಲಾಕ್ಷಪ್ಪ, ಹಿಂದೆ ಅವನನ್ನು ಹಿಡಿದವರೇ. "ಗಾಳ್ಯಾ, ಇನ್ನ ತಿಂಗಳ ಲೆಕ್ಕ ಇಲ್ಲಲೇ. ಐದು ವರ್ಷದ ತನಕ ಐತಿ. ನಿನ್ನ ಹೆಂಡ್ತಿ ಮುಖ ನೋಡಿ ಹೇಳಾಕತ್ತೀನಿ, ನಮ್ಮ ಮನ್ಯಾಗ ಉಂಡು ಬೆಳದ ಹುಡುಗಿ ಅಕಿ," ಎಂದಿದ್ದರು. ಪಾಲಾಕ್ಷಪ್ಪನವರ ಊರು ಕೆಂಚಲಾಪುರ. ಈಗ ತೀರಿಕೊಂಡಿದ್ದ ಮರುಳಸಿದ್ದಮ್ಮ ಅವರ ತಾಯಿ. ಪಕ್ಕೀರಮ್ಮನ ತವರಿನವರು ಆ ಮನೆಯ ಹೂವಿನ ತೋಟದಲ್ಲಿ ದುಡಿದವರು. ಬಾಳೆನಾರು ಹಿಡಿದು ಹೂವು ಕಟ್ಟುವುದನ್ನು ಪಕ್ಕೀರಮ್ಮ ಕಲಿತದ್ದೇ ಆ ಮುದುಕಿಯ ಕೈಯಲ್ಲಿ. ಸುದ್ದಿ ತಿಳಿದ ಕೂಡಲೇ ಅವಳು ಬೆಳಗಿನ ಮೊದಲ ಬಸ್ಸಿಗೆ ಹೋಗಿದ್ದಳು.

ಅಂದರೆ ಬುಟ್ಟಿ ಈಗ ದಫೇದಾರರ ಮನೆಯ ಅಂಗಳದಲ್ಲಿತ್ತು. ಅದನ್ನು ಬಿಚ್ಚುವವಳು ಪಕ್ಕೀರಮ್ಮ.

ಮುಂದಿನ ಬಸ್ಸಿಗೆ ಕಾಯಲು ಅವನಿಂದ ಆಗಲಿಲ್ಲ. ಬಾಡಿಗೆ ಸೈಕಲ್ ತೆಗೆದುಕೊಂಡು ಹಡಗಲಿ ರಸ್ತೆ ಹಿಡಿದ. ಊರು ದಾಟುವುದರೊಳಗೆ ಚೈನು ಬಿತ್ತು. ಹಾಕಿಕೊಂಡು ಹತ್ತಿದರೆ ಏರಿನಲ್ಲಿ ಮತ್ತೆ ಬಿತ್ತು. ಗಾಳಿ ಎದುರಿಗಿತ್ತು. ಅವನ ತಲೆಯಲ್ಲಿ ಬುಟ್ಟಿಯ ಮೊಗ್ಗು ಇಳಿಯುತ್ತಲೇ ಇತ್ತು. ಹೆಂಡತಿಯ ಬೆರಳು ಎಷ್ಟು ಬೇಗ ಓಡುತ್ತದೆ ಎಂಬುದು ಅವನಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಮೊದಲೆಲ್ಲ ಅದನ್ನೇ ಹೇಳಿಕೊಂಡು ತಿರುಗುತ್ತಿದ್ದ. ಈಗ ಅವಳು ನಿಧಾನ ಮಾಡಲಿ, ಯಾರಾದರೂ ಮಾತಿಗೆ ಹಿಡಿಯಲಿ, ನಾರು ಹರಿಯಲಿ ಎಂದು ಬೇಡಿಕೊಳ್ಳುತ್ತ ಪೆಡಲ್ ತುಳಿದ.

ಹಿಂದಿನಿಂದ ಹಾರ್ನ್ ಕೇಳಿಸಿತು. ಸರಿದು ನಿಂತರೆ ನೀಲಿ ಜೀಪು. ಮುಂದೆ ಕೂತಿದ್ದ ಪೇದೆ ಹಾಲೇಶಪ್ಪ ತಲೆ ಹೊರಗೆ ಹಾಕಿದ. ಕೊಟ್ಟೂರಿನಲ್ಲಿ ಗಾಳೆಪ್ಪನನ್ನು ಕಂಡಾಗಲೆಲ್ಲ ಜೇಬು ತಡವಿ ನೋಡದೆ ಬಿಡದ ಆಸಾಮಿ.

"ಏನಲೇ, ಮಣ್ಣಿಗೆ ಹೊಂಟಿಯೇನು?"

"ಹೂಂರಿ ಸಾಹೇಬ್ರ."

"ಈ ಸೈಕಲ್ ಮ್ಯಾಲೆ ಹೋದ್ರ ನೀ ಮುಟ್ಟೋದು ತಿಥಿಗೆ. ಹತ್ತು. ಸೈಕಲ್ ಹಿಂದ ಒಗಿ."

"ಬ್ಯಾಡ್ರಿ, ನಾ ಬರ್ತೀನ್ರಿ…"

"ಹತ್ತಲೇ! ಹಿಡಕೊಂಡು ಹೋಗುವಾಗ ಮಾತ್ರ ಜೀಪ್ ಹತ್ತಬೇಕಂತೈತೇನು?"

ಜೀಪಿನೊಳಗಿದ್ದವರು ನಕ್ಕರು. ಗಾಳೆಪ್ಪ ಹತ್ತಿದ. ಸೈಕಲ್ಲಿನ ಹ್ಯಾಂಡಲ್ ಅವನ ಪಕ್ಕೆಗೆ ಒತ್ತುತ್ತಿತ್ತು. ಅವನ ಎದುರಿಗೆ ಇಬ್ಬರು ಪೇದೆಗಳು ಕೂತಿದ್ದರು, ಒಬ್ಬನ ತೊಡೆಯ ಮೇಲೆ ಇಲಾಖೆಯವರ ಕಡೆಯಿಂದ ಒಂದು ಹಾರವಿತ್ತು. ಹಾಲೇಶಪ್ಪ ಹಿಂದೆ ತಿರುಗಿ, "ನಿನ್ನ ಹೆಂಡ್ತಿ ಇಡೀ ಬುಟ್ಟಿ ಹೂವ ಕೊಟ್ಟಾಳಂತಲ್ಲ. ಸುಂಕಪ್ಪ ಸ್ಟ್ಯಾಂಡ್ ತುಂಬ ಹೇಳಿಕೊಂಡು ಅಡ್ಡ್ಯಾಡಾಕತ್ತಾನ. ದಫೇದಾರ್ರಿಗೆ ಹೇಳಬೇಕು ನಾನು, ಗಾಳ್ಯಾ ಸುಧಾರಿಸ್ಯಾನ ಅಂತ," ಎಂದ.

"ಬ್ಯಾಡ್ರಿ, ಅದೇನ್ ದೊಡ್ಡದು."

"ನೋಡು, ನಾಚಿಕಿ ಬ್ಯಾರೆ."

ದಾರಿ ಇಷ್ಟು ಬೇಗ ಮುಗಿಯುವುದು ಅವನಿಗೆ ಬೇಕಾಗಿತ್ತು. ಇಷ್ಟು ಬೇಗ ಈ ಜನರ ಜೊತೆ ಮುಟ್ಟುವುದು ಬೇಡವಾಗಿತ್ತು. ಬೆವರು ಒರೆಸಿಕೊಂಡ ಟವೆಲ್ಲನ್ನು ಹಿಂಡಿ ಹಿಂಡಿ ಹಗ್ಗ ಮಾಡಿದ್ದ.

ಮರುಳಸಿದ್ದಮ್ಮನನ್ನು ಪಡಸಾಲೆಯಲ್ಲಿ ಗೋಡೆಗೆ ಒರಗಿಸಿ ಕೂರಿಸಿದ್ದರು. ಹಣೆ ತುಂಬ ವಿಭೂತಿ, ಕೈಯಲ್ಲಿ ಲಿಂಗ. ಹಿರಿಯ ಮಗ ಗುರುಸಂಗಪ್ಪ ಕಂಬದ ಬಳಿ ನಿಂತು ಬಂದವರಿಗೆ ಕೈ ಮುಗಿಯುತ್ತಿದ್ದ. ಭಜನೆಯವರು ತಾಳ ಹಾಕುತ್ತಿದ್ದರು. ಪಾಲಾಕ್ಷಪ್ಪ ಬನಿಯನ್ನಿನಲ್ಲಿ ತಾಯಿಯ ಕಾಲ ಬಳಿ ಕೂತಿದ್ದರು. ಖಾಕಿ ಇಲ್ಲದ ಅವರ ಹೆಗಲು ಸಣ್ಣದಾಗಿ ಕಂಡಿತು.

ಮನೆಯ ಹೆಂಗಸರು ಒಳಗಿದ್ದರು. ಪಕ್ಕೀರಮ್ಮ ಹೊರಗೆ, ಅಂಗಳದ ಅಂಚಿನ ಬೇವಿನ ಗಿಡದ ಕೆಳಗೆ, ದನದ ಬಾನಿಯ ಪಕ್ಕ ಒಬ್ಬಳೇ ಕೂತಿದ್ದಳು. ಅವಳ ಮನೆಯವರು ಆ ಅಂಗಳಕ್ಕೆ ಬಂದಾಗ ಕೂರುತ್ತಿದ್ದ ಜಾಗವೇ ಅದು. ಬುಟ್ಟಿ ಅವಳ ಮೊಣಕಾಲುಗಳ ನಡುವೆ ಇತ್ತು. ಕೆಂಪು ದಾರ ಬಿಚ್ಚಿತ್ತು. ಬಗಲಲ್ಲಿ ಕಟ್ಟಿದ ದಂಡೆಗಳು ಸುರುಳಿ ಸುತ್ತಿ ಬಿದ್ದಿದ್ದವು, ಎರಡು ದೊಡ್ಡ ಸುರುಳಿ. ಬುಟ್ಟಿಯ ಬಾಯಿಯಲ್ಲಿ ಇನ್ನೂ ಮೊಗ್ಗು ಕಾಣುತ್ತಿತ್ತು. ಗಾಳೆಪ್ಪನಿಗೆ ಉಸಿರು ಬಂತು.

ಹತ್ತಿರ ಹೋಗಿ ಕುಕ್ಕರಗಾಲಲ್ಲಿ ಕೂತು ಮೆಲ್ಲಗೆ, "ಇಷ್ಟ ಸಾಕು ಬಿಡು. ಕೆಳಗಿನ ಮೊಗ್ಗು ಬಾಡಿರ್ತಾವು, ಹೆಣಕ್ಕ ಬಾಡಿದ್ದು ಹಾಕಬಾರದು. ಕೊಡು, ನಾ ಬುಟ್ಟಿ ಒಯ್ದು ಬ್ಯಾರೆ ತರ್ತೀನಿ," ಎಂದ.

ಪಕ್ಕೀರಮ್ಮ ತಲೆ ಎತ್ತಲಿಲ್ಲ. ಅವಳ ಬೆರಳು ನಿಲ್ಲಲಿಲ್ಲ. ಎರಡು ಮೊಗ್ಗು, ಎರಡು ಮೊಗ್ಗು, ಒಂದು ಸುತ್ತು. "ಯಾವುದರಾಗ ಬಂದಿ?"

"ಜೀಪಿನಾಗ. ದಾರ್ಯಾಗ ಸಿಕ್ಕರು."

"ಹೂಂ."

"ಕೊಡು ಅಂದ್ರ."

"ಸತ್ತವ್ರಿಗೆ ಇಳಿಸಿದ ಬುಟ್ಟಿ ತಿರುಗಿ ಹೋಗೂದಿಲ್ಲ. ನಿನಗ ಗೊತ್ತಿಲ್ಲೇನು?"

ಅವನು ಬುಟ್ಟಿಯ ಅಂಚಿಗೆ ಕೈ ಹಾಕಿದ. ಅವಳು ಮೊಣಕಾಲು ಬಿಗಿ ಮಾಡಿದಳು. ಆಗ ಮಾತ್ರ ಅವನ ಮುಖ ನೋಡಿದಳು. ಅತ್ತಿದ್ದ ಕಣ್ಣು, ಆದರೆ ಅಳು ಯಾವಾಗಲೋ ನಿಂತಿತ್ತು. ಗಾಳೆಪ್ಪ ಅವಳ ಕೈ ನೋಡಿದ. ಬೆರಳುಗಳಿಗೆ ಬಾಳೆನಾರಿನ ಕರೆ ಹತ್ತುವುದು ದಿನವೂ ಇದ್ದದ್ದೇ. ಇಂದು ಉಗುರಿನ ಸಂದಿಯಲ್ಲಿ ಹಸಿರು ಪುಡಿ ಇತ್ತು.

ಅವಳು ತಳ ಮುಟ್ಟಿದ್ದಳು. ನೋಡಿ, ಒದ್ದೆ ಬಟ್ಟೆ ಮತ್ತೆ ಹಾಸಿ, ಅದರ ಮೇಲೆ ಮೊಗ್ಗು ಹರವಿ, ಮತ್ತೆ ಕಟ್ಟಲು ಕೂತಿದ್ದಳು.

"ಪಕ್ಕೀರಿ…"

"ಇಲ್ಲಿ ಮಾತಾಡಬ್ಯಾಡ. ಏಳು. ಅತ್ತ ನಮ್ಮ ಕಾಕನವ್ರು ಕುಣಿ ತೋಡಾಕ ಹೋಗ್ಯಾರ, ಹೋಗಿ ಗುದ್ಲಿ ಹಿಡಿ. ಎಲ್ಲಾರೂ ನೋಡಾಕತ್ತಾರ."

ಎಲ್ಲರೂ ನೋಡುತ್ತಿರಲಿಲ್ಲ, ಆದರೆ ಹಾಲೇಶಪ್ಪ ನೋಡುತ್ತಿದ್ದ. ಗಾಳೆಪ್ಪ ಎದ್ದು ಹೋದ.

ಹೊಲದ ಅಂಚಿನಲ್ಲಿ ಕುಣಿ ಸಿದ್ಧವಾಗುತ್ತಿತ್ತು. ಪಕ್ಕೀರಮ್ಮನ ಕಾಕ ಪಕ್ಕೀರಪ್ಪ ಒಳಗೆ ಇಳಿದು ಮುದುಕಿಯನ್ನು ಕೂರಿಸುವ ಗೂಡು ಕೆತ್ತುತ್ತಿದ್ದ. "ಬಾ ಅಳ್ಯಾ, ಜೀಪಿನಾಗ ಬಂದ ದೊಡ್ಡ ಮನಷ್ಯಾ," ಎಂದು ಗುದ್ದಲಿ ಎತ್ತಿಕೊಟ್ಟ. ಗಾಳೆಪ್ಪ ಮಣ್ಣು ಎಳೆದ. ಕಪ್ಪು ಮಣ್ಣು, ಬೇಸಿಗೆಗೆ ಕಲ್ಲಾಗಿತ್ತು. ಅವಳು ಏನು ಮಾಡಬಹುದು? ದಫೇದಾರರ ಮುಂದೆ ಬುಟ್ಟಿ ಇಟ್ಟು ಇದು ನನ್ನ ಗಂಡನದು ಎನ್ನಬಹುದು. ಹೇಳುವವಳಾಗಿದ್ದರೆ ಇಷ್ಟು ಹೊತ್ತಿಗೆ ಹೇಳುತ್ತಿದ್ದಳು. ಹಾಗಾದರೆ ಮತ್ತೆ ಮೊಗ್ಗು ಹರವಿದ್ದು ಯಾಕೆ? ಅವನು ಪ್ರತಿ ಗುದ್ದಲಿಗೂ ತಲೆ ಎತ್ತಿ ಊರಿನ ದಾರಿ ನೋಡಿದ.

ಕಡೆಗೆ ಕೊಂಬು, ತಾಳ ಕೇಳಿಸಿದವು. ಹೂವಿನಿಂದ ಸಿಂಗರಿಸಿದ ವಿಮಾನದಲ್ಲಿ ಮುದುಕಿ ಕೂತು ಬಂದಳು. ಹೂವಿನ ಹೊರೆ ಹೊತ್ತ ಒಬ್ಬಳ ಹೊರತಾಗಿ ಹೆಂಗಸರು ಯಾರೂ ಇರಲಿಲ್ಲ. ಆ ಹೊರೆ ಹೊತ್ತವಳು ಪಕ್ಕೀರಮ್ಮ. ಬುಟ್ಟಿ ಅವಳ ತಲೆಯ ಮೇಲೆ ನೆಟ್ಟಗಿತ್ತು. ನೀರು ತೊಟ್ಟಿಕ್ಕಿ ಅವಳ ಹೆಗಲು ನೆನೆದಿತ್ತು.

ಮುದುಕಿಯನ್ನು ಗೂಡಿನಲ್ಲಿ ಕೂರಿಸಿದರು. ಅಯ್ಯನವರು ಮಂತ್ರ ಹೇಳಿದರು. ವಿಭೂತಿ ಗಟ್ಟಿಗಳನ್ನು ಒಂದೊಂದಾಗಿ ಕೊಟ್ಟರು, ಪತ್ರಿ ಸುರಿದರು, ಉಪ್ಪು ಹಾಕಿದರು. ಆಮೇಲೆ, "ಹೂವು ಹಾಕ್ರಿ," ಎಂದರು.

ಪಕ್ಕೀರಮ್ಮ ಅಂಚಿಗೆ ಬಂದಳು. ಅವಳು ಬುಟ್ಟಿ ಇಳಿಸುವುದನ್ನು ನೋಡಿ ಪಾಲಾಕ್ಷಪ್ಪ ಎದ್ದು ಬಂದರು. "ಕೊಡವ್ವ, ನಾನ ಹಾಕ್ತೀನಿ. ನಮ್ಮವ್ವಗ ಕಡೀ ಹೂವು."

ಅವರು ಎರಡೂ ಕೈಯಲ್ಲಿ ಬುಟ್ಟಿ ಎತ್ತಿದರು. ಎತ್ತಿ ಒಂದು ಗಳಿಗೆ ನಿಂತರು. "ಭಾರ ಐತಲ್ಲವ್ವ ಇದು."

ಗಾಳೆಪ್ಪನ ಕೈಯ ಗುದ್ದಲಿ ಜಾರಿತು.

"ಒದ್ದಿ ಬಟ್ಟಿ ಐತ್ರಿ ಯಪ್ಪಾ, ನೀರು ಕುಡದೈತಿ," ಎಂದು ಪಕ್ಕೀರಮ್ಮ ಇನ್ನೊಂದು ಕಡೆ ಹಿಡಿದಳು. "ನೀವು ಒಬ್ರ ಬಗ್ಗಬ್ಯಾಡ್ರಿ, ಕಾಲು ಜಾರತೈತಿ." ಅಂದವಳೇ ಬುಟ್ಟಿಯನ್ನು ಕುಣಿಯ ಬಾಯಿಗೆ ತಂದು ಪೂರಾ ಮಗುಚಿದಳು. ಮೊಗ್ಗು, ಬಟ್ಟೆ, ಎಲ್ಲ ಒಟ್ಟಿಗೆ ದಪ್ಪನೆ ಬಿತ್ತು. ಅವಳು ಬುಟ್ಟಿಯನ್ನೂ ಕೈಬಿಟ್ಟಳು. ಅದು ಬೋರಲಾಗಿ ಮುದುಕಿಯ ಮುಂದೆ ಕೂತಿತು.

ಕುಣಿಯೊಳಗೆ ಬೆಳ್ಳಗೆ ಹರಡಿದ ಮೊಗ್ಗಿನ ಸಂದಿಯಿಂದ, ಬುಟ್ಟಿಯ ಅಂಚಿನ ಪಕ್ಕ, ನೀಲಿ ಪ್ಲಾಸ್ಟಿಕ್ಕಿನ ಒಂದು ತುದಿ ಕಾಣುತ್ತಿತ್ತು.

ಪಾಲಾಕ್ಷಪ್ಪ ಬಗ್ಗಿ ಮೊದಲ ಹಿಡಿ ಮಣ್ಣು ಹಾಕಿದರು. ಅವರು ಕಣ್ಣು ಮುಚ್ಚಿದ್ದರು. ಅವರು ಕಣ್ಣು ತೆರೆಯುವ ಮೊದಲೇ ಗಾಳೆಪ್ಪ ಗುದ್ದಲಿ ಹಾಕಿ ಮಣ್ಣು ಎಳೆದ. ಒಂದು, ಮತ್ತೊಂದು, ಮತ್ತೊಂದು. ಉಳಿದವರಿಗೆ ಹಿಡಿ ಮಣ್ಣು ಹಾಕಲೂ ಬಿಡದೆ ಎಳೆದ. ಪಕ್ಕೀರಪ್ಪ, "ಲೇ ಲೇ, ಸಾವಕಾಶ," ಎಂದ. ಗಾಳೆಪ್ಪ ಕೇಳಿಸಿಕೊಳ್ಳಲಿಲ್ಲ. ನೀಲಿ ಹೋಯಿತು, ಬುಟ್ಟಿ ಹೋಯಿತು, ಬಿಳುಪು ಹೋಯಿತು. ಅವನು ಅಳುತ್ತಿದ್ದ ಎಂದು ಆಮೇಲೆ ಜನ ಹೇಳಿದರು. ಬೆವರು ಕಣ್ಣಿಗೆ ಇಳಿದಿತ್ತು, ಅದೂ ಇರಬಹುದು. ಪಾಲಾಕ್ಷಪ್ಪ ಅವನ ಬೆನ್ನ ಮೇಲೆ ಕೈ ಇಟ್ಟು, "ಸಾಕು ಬಿಡೋ ಗಾಳ್ಯಾ," ಎಂದರು.

ಕೈಕಾಲು ತೊಳೆಯಲು ಎಲ್ಲರೂ ಬಾವಿಯ ಕಡೆ ನಡೆದಾಗ ಪಕ್ಕೀರಮ್ಮ ಹಿಂದೆ ಉಳಿದಳು. ಗಾಳೆಪ್ಪನೂ ಉಳಿದ.

"ಉಳಿಸಿದಿ," ಎಂದ.

"ನಿನ್ನ ಉಳಸಾಕ ಅಲ್ಲ. ಅವ್ವಾರ ಅಂಗಳದಾಗ, ಅವ್ರ ಹೆಣದ ಮುಂದ, ಅವ್ರ ಮಗ ನಿನಗ ಬೇಡಿ ಹಾಕೂದು ಬ್ಯಾಡಾಗಿತ್ತು. ಇನ್ನ ನಾನ ಕೂಗಿ ಇಳಿಸಿಕೊಂಡ ಬುಟ್ಟಿ ಅದು. ನನ್ನ ಕೈಲೆ ತಂದು ಕೊಟ್ಟೆ." ಅವಳು ಸೆರಗಿನಿಂದ ಉಗುರಿನ ಸಂದಿ ತಿಕ್ಕಿದಳು. "ಕುಣಿಗೆ ಇಳಿಸೂಕಿಂತ ಮೊದಲ ಅವ್ವಾರ ಕಿವ್ಯಾಗ ಹೇಳಿದೆ, ಹಿಂಗಾಗೈತಿ, ನಿಮ್ಮ ಮಗ್ಗಲಾಗ ಇಟ್ಟುಕೊಳ್ರಿ ಅಂತ. ಅವ್ರು ಜೀವ ಇದ್ದಾಗ್ಲೂ ಯಾರ ಗುಟ್ಟೂ ಯಾರ ಮುಂದೂ ಹೇಳಿದವ್ರಲ್ಲ."

"ಎಷ್ಟು ದಿನದಿಂದ ಐತಿ ಇದು, ನನ್ನ ಹೂವಿನ ಕೆಳಗ?" ಎಂದು ಅವಳೇ ಕೇಳಿದಳು. ಅವನು ಗುದ್ದಲಿಗೆ ಹತ್ತಿದ ಮಣ್ಣನ್ನು ಬೆರಳಿನಿಂದ ಕೆರೆದ.

"ನಾ ಮೂರು ದಿನದ ಹಾಲು ತುಪ್ಪ ಆಗೋತನಕ ಇಲ್ಲೇ ಇರ್ತೀನಿ. ನೀ ಹೋಗು. ಯಾರ ಮುಂದ ಏನು ಹೇಳ್ತಿಯೋ ಅದು ನಿನಗ ಬಿಟ್ಟಿದ್ದು. ಆದ್ರ ಈ ಮಣ್ಣು ಯಾರಾದ್ರೂ ಕೆದರಿದ್ರು ಅಂದ್ರ, ನಾಯಿ ಕೆದರಿದ್ರೂ ಸೈತ, ನಾನ ದಫೇದಾರ್ರ ಮುಂದ ನಿಂತು ನಿನ್ನ ಹೆಸರು ಹೇಳ್ತೀನಿ. ಆಮ್ಯಾಲೆ ನಾ ಇಲ್ಲಿಂದ ಬರಾಕಿ ಅಲ್ಲ."

ಅವಳು ಹೋದಳು. ಗಾಳೆಪ್ಪ ಹೊಸ ಮಣ್ಣನ್ನು ಕಾಲಿಂದ ಇನ್ನೊಮ್ಮೆ ತುಳಿದು ಗಟ್ಟಿ ಮಾಡಿದ.

ವಾಪಸ್ಸು ಬರುವಾಗಲೂ ಹಾಲೇಶಪ್ಪ ಬಿಡಲಿಲ್ಲ. ಜೀಪು ಕೊಟ್ಟೂರು ಸ್ಟ್ಯಾಂಡಿನ ಎದುರೇ ನಿಂತಿತು. ಹಾಲೇಶಪ್ಪ ಸೈಕಲ್ ಇಳಿಸಲು ತಾನೇ ಕೈ ಕೊಟ್ಟ, ಹೆಗಲು ತಟ್ಟಿದ. "ಒಳ್ಳೆ ಕೆಲಸ ಮಾಡಿದಿ ಗಾಳ್ಯಾ. ಸಾಹೇಬ್ರು ಭಾಳ ಮನಸಿಗೆ ಹಚ್ಚಿಕೊಂಡ್ರು," ಎಂದು ಗಟ್ಟಿಯಾಗಿಯೇ ಹೇಳಿದ. ರಸ್ತೆಯ ಆ ಬದಿ, ಬುಲೆಟ್ಟಿನ ಮೇಲೆ ಒಂದು ಕಾಲು ಊರಿಕೊಂಡು, ಎಲೆ ಅಡಿಕೆ ಜಗಿಯುತ್ತ ಮಂಜಣ್ಣ ಕೂತಿದ್ದ. ಜಗಿಯುವುದು ನಿಂತಿತು.

ರೈಲ್ವೆ ಗೂಡ್ಸ್ ಶೆಡ್ಡಿನ ಹಿಂದೆ ಗಿಡ್ಡಮ್ಮನ ಚಹಾದಂಗಡಿ. ಹೊಸಪೇಟೆಗೆ ಹೋಗುವ ರೈಲು ಬಿಟ್ಟ ಮೇಲೆ ಅಲ್ಲಿ ಜನ ಇರುತ್ತಿರಲಿಲ್ಲ. ಮಂಜಣ್ಣ ಮೊದಲೇ ಹೋಗಿ ಬೆಂಚಿನ ಮೇಲೆ ಕೂತಿದ್ದ. ಗಾಳೆಪ್ಪ ಬಂದಾಗ ಪಕ್ಕದ ಜಾಗ ತಟ್ಟಿ ತೋರಿಸಿದ. "ಕೂತ್ಕ. ಗಿಡ್ಡಮ್ಮ, ಇವನಿಗೊಂದು ಚಹಾ ಕೊಡವ್ವ, ಪಾಪ ಸುಸ್ತಾಗ್ಯಾನೆ."

ಗಿಡ್ಡಮ್ಮ ಚಹಾ ಇಟ್ಟು ಪಾತ್ರೆ ತೊಳೆಯಲು ಹೊರಗೆ ಹೋದಳು.

"ಮಾಲು ಎಲ್ಲೈತೆ?"

ಗಾಳೆಪ್ಪ ದಾರಿಯುದ್ದಕ್ಕೂ ಏನೇನೋ ಜೋಡಿಸಿದ್ದ. ಕೆರೆಗೆ ಎಸೆದೆ ಎನ್ನಬಹುದು. ಬೇಸಿಗೆಯಲ್ಲಿ ಕೆರೆ ಒಣಗಿತ್ತು. ಬಸ್ಸಿನಲ್ಲಿ ಕಳವಾಯಿತು ಎನ್ನಬಹುದು. ಮಂಜಣ್ಣ ಸುಂಕಪ್ಪನನ್ನು ಕೇಳುತ್ತಿದ್ದ. ನಿಜ ಹೇಳಿದರೆ ಮಂಜಣ್ಣ ನಂಬುತ್ತಿದ್ದ. ಅದೇ ಅಪಾಯ. ಕತ್ತಲಾದ ಮೇಲೆ ಎರಡು ಸನಿಕೆ ತಂದು ಅಗೆದರೆ ಮುಗಿಯಿತು, ಅವನಿಗೆ ಆ ಮುದುಕಿ ಯಾರೋ.

"ಕೇಳಿದ್ದು ಕೇಳಿಸ್ಲಿಲ್ವೇನಲೇ? ಜೀಪಿನಾಗೆ ಮೆರವಣಿಗಿ ಮಾಡಿಸ್ಕೊಂಡು ಬಂದ್ಯಲ್ಲ, ಏನು ಸಮಾಚಾರ? ಒಳ್ಳೆ ಕೆಲಸ ಮಾಡಿದಿ ಅಂತ ಬೆನ್ನು ತಟ್ಟಿದ್ರು. ಯಾವ ಕೆಲಸ?"

ಗಾಳೆಪ್ಪ ಬಾಯಿ ತೆರೆದ. ಮಣ್ಣಿಗೆ ಹೋಗಿದ್ದೆ ಎಂಬ ಮಾತು ನಾಲಗೆಯ ತುದಿಗೆ ಬಂದಿತ್ತು. ಅಲ್ಲಿಂದ ಕುಣಿಗೆ ಒಂದೇ ಹೆಜ್ಜೆ. ಅವನು ಅದನ್ನು ನುಂಗಿದ.

"ಮಾಲು ಅವ್ರ ಕಡೆ ಐತಿ," ಎಂದ.

"ಯಾರ ಕಡೆ?"

"ಜೀಪಿನವ್ರ ಕಡೆ. ನಾನ ಕೊಟ್ಟೆ."

ಮಂಜಣ್ಣನ ಮುಖದಲ್ಲಿ ಸಿಟ್ಟಿಗಿಂತ ಮೊದಲು ಲೆಕ್ಕಾಚಾರ ಓಡಿತು. ಹಡಗಲಿಯಲ್ಲಿ ಬುಟ್ಟಿ ಕಟ್ಟುವವನು, ಕೂಡ್ಲಿಗಿಯಲ್ಲಿ ಕಾಯುವ ಲಾರಿ, ತನ್ನ ಮನೆ. "ನನ್ನ ಹೆಸರು?"

"ಇನ್ನಾ ಕೇಳಿಲ್ಲ. ನಾನೂ ಹೇಳಿಲ್ಲ."

"ಹೇಳ್ತೀಯ?"

"ನೀ ಈ ಕಡೆ ಬರಲಿಲ್ಲಂದ್ರ, ಅವ್ರು ಯಾಕ ಕೇಳ್ತಾರ?"

ತಾನು ಇಷ್ಟು ಸಮಾಧಾನದಲ್ಲಿ ಇಂಥ ಸುಳ್ಳು ಹೇಳಬಲ್ಲೆ ಎಂದು ಗಾಳೆಪ್ಪನಿಗೇ ಗೊತ್ತಿರಲಿಲ್ಲ. ಮಂಜಣ್ಣ ನಕ್ಕ ಹಾಗೆ ಮಾಡಿದ. ಬೆಂಚಿನ ಮೇಲಿದ್ದ ಗಾಳೆಪ್ಪನ ಬಲಗೈಯನ್ನು ಗೆಳೆಯನಂತೆ ಹಿಡಿದುಕೊಂಡ. ಎರಡು ಬೆರಳು ಆರಿಸಿಕೊಂಡ, ಹಿಂದಕ್ಕೆ ಮಡಿಸಿದ, ಸದ್ದು ಬರುವ ತನಕ ಬಿಡಲಿಲ್ಲ. ಚಹಾದ ಗ್ಲಾಸು ಉರುಳಿ ಬಿತ್ತು. ಗಾಳೆಪ್ಪ ಕೂಗಲಿಲ್ಲ, ಕೂಗಿದ್ದರೆ ಗಿಡ್ಡಮ್ಮ ಬರುತ್ತಿದ್ದಳು, ಮಾತು ಬೆಳೆಯುತ್ತಿತ್ತು.

"ಪೊಟ್ಟಣ ಕಟ್ಟಿದ ಕೈ ಅಲ್ವಾ," ಎಂದು ಮಂಜಣ್ಣ ಎದ್ದ. "ಇವತ್ತು ಇಷ್ಟಕ್ಕೇ ಬಿಟ್ಟಿದೀನಿ. ಹರಪನಹಳ್ಳಿ ಕಡೆ ತಲೆ ಹಾಕಿ ಮಲಗಬ್ಯಾಡ ಇನ್ಮೇಲೆ."

ಬುಲೆಟ್ಟಿನ ಸದ್ದು ಗೂಡ್ಸ್ ಶೆಡ್ಡು ದಾಟಿ, ಹರಪನಹಳ್ಳಿ ರಸ್ತೆಗೆ ತಿರುಗಿ, ಕಡಿಮೆಯಾಗುವವರೆಗೆ ಗಾಳೆಪ್ಪ ಕೂತಲ್ಲೇ ಇದ್ದ. ಗಿಡ್ಡಮ್ಮ ಬಂದು ಒಡೆದ ಗಾಜು ನೋಡಿ, "ಯಾರಪ್ಪ ಇದಕ್ಕ ಕೊಡೋರು?" ಎಂದಳು. ಆಮೇಲೆ ಅವನ ಕೈ ನೋಡಿ ತಾನೇ ಬಗ್ಗಿ ಚೂರು ಆರಿಸತೊಡಗಿದಳು.

ಆ ಮೂರು ದಿನ ಅವನು ನಿಂತಲ್ಲಿ ನಿಲ್ಲಲಿಲ್ಲ. ಬೆರಳುಗಳಿಗೆ ಬಿದಿರು ಸೀಳು ಕಟ್ಟಿಸಿಕೊಂಡು ಬಂದ. ಸ್ಟ್ಯಾಂಡಿನ ಹಳೆಯ ಗಿರಾಕಿಗಳು ಹತ್ತಿರ ಬಂದರೆ ಇಲ್ಲ ಎಂದ. ಎರಡನೆಯ ದಿನದಿಂದ ಅವರೂ ಬರಲಿಲ್ಲ. ಗಾಳ್ಯಾ ಪೊಲೀಸರ ಮನುಷ್ಯ ಎಂಬ ಮಾತು ಹಗರಿಬೊಮ್ಮನಹಳ್ಳಿ ತನಕ ಹೋಯಿತು. ಹಮಾಲರು ಅವನ ಪಕ್ಕದಿಂದ ಎದ್ದು ಹೋಗುತ್ತಿದ್ದರು. ಹಡಗಲಿಯಲ್ಲಿ ಬುಟ್ಟಿ ಕಟ್ಟುತ್ತಿದ್ದವನು ಊರು ಬಿಟ್ಟ ಎಂದು ಸುಂಕಪ್ಪ ತಿಳಿಸಿದ. ದೂರದಲ್ಲಿ ಯಾವ ಬುಲೆಟ್ ಗುಡುಗಿದರೂ ಗಾಳೆಪ್ಪನ ಕುತ್ತಿಗೆ ತಾನಾಗಿ ಆ ಕಡೆ ತಿರುಗುತ್ತಿತ್ತು. ಎರಡು ಸಲ ಕೆಂಚಲಾಪುರದ ಬಸ್ಸು ಹತ್ತಿ, ಹೊರಡುವ ಮೊದಲು ಇಳಿದ. ಅಲ್ಲಿಂದ ಬಂದವರನ್ನೆಲ್ಲ ಬೇರೆ ಏನೋ ಕೇಳಿ, ಕಡೆಗೆ, "ಅವ್ವಾರ ಸಮಾಧಿ ಹೆಂಗೈತಿ?" ಎಂದು ಕೇಳುತ್ತಿದ್ದ. ಇವನಿಗೇನಾಗಿದೆ ಎಂಬಂತೆ ಅವರು ನೋಡುತ್ತಿದ್ದರು. ಹೇಗಿತ್ತೋ ಹಾಗೇ ಇದೆ ಎನ್ನುತ್ತಿದ್ದರು.

ನಾಲ್ಕನೆಯ ಬೆಳಿಗ್ಗೆ ಹಡಗಲಿ ಬಸ್ಸಿನಿಂದ ಅವನ ಬುಟ್ಟಿ ಇಳಿಯಿತು. ಬೇರೆ ತೋಟದವರು ಕಟ್ಟಿದ್ದು, ಬಿಳಿ ದಾರದ ಹೊಲಿಗೆ. ಗುಡಿಯ ಮುಂದೆ ಹೆಂಡತಿ ಹೂವು ಮಾರುವ ಜಾಗದಲ್ಲಿ ಗೋಣಿತಟ್ಟು ಹಾಸಿ, ಎಡಗೈಯಲ್ಲಿ ಮೊಗ್ಗು ಹಿಡಿದು, ಹಲ್ಲಿನಲ್ಲಿ ನಾರು ಕಚ್ಚಿ ಕಟ್ಟಲು ಕೂತ. ಮೊಳದಷ್ಟು ಕಟ್ಟಿ ಎತ್ತಿದರೆ ಮೊಗ್ಗು ಉದುರಿದವು. ಹೂವು ಕೊಳ್ಳಲು ಬಂದ ದಾಕ್ಷಾಯಣಮ್ಮ ಎಂಬ ಹೆಂಗಸು, "ಇದನ್ನ ದೇವ್ರಿಗೆ ಹಾಕಿದ್ರ ಪೂಜಾರಿ ನನಗ ಬೈತಾನ. ಎಲ್ಲ್ಯದಾಳಪ್ಪ ನಿನ್ನ ಹೆಂಡ್ತಿ?" ಎಂದಳು.

"ಬರ್ತಾಳ್ರಿ," ಎಂದ. ಹೇಳಿದ ಮೇಲೆ ಅವನಿಗೇ ನಂಬಿಕೆಯಾಗದೆ ಸ್ಟ್ಯಾಂಡಿನ ಕಡೆ ನೋಡಿದ.

ಬಿಸಿಲು ಏರಿತು. ಮೊಗ್ಗು ಬಿರಿಯತೊಡಗಿದವು, ಒಂದು ಸಲ ಬಿರಿದರೆ ಮಾಲೆಗೆ ಬಾರವು. ಅವನು ನೀರು ಚಿಮುಕಿಸಿದ, ನೆರಳಿಗೆ ಎಳೆದ, ಮತ್ತೆ ಎಳೆದ. ಬುಟ್ಟಿ ಎಳೆಯುವ ಕೈಯ ಮುಂದೆ ಎರಡು ಕಾಲು ಬಂದು ನಿಂತವು. ಧೂಳು ಹತ್ತಿದ ಕಾಲು, ಕಾಲುಂಗುರದ ಮೇಲೆ ಕಪ್ಪು ಮಣ್ಣು.

ಬಂದವಳು ಪಕ್ಕೀರಮ್ಮ. ಗಂಟನ್ನು ಬದಿಗಿಟ್ಟಳು. ಬುಟ್ಟಿಯ ಎರಡೂ ಅಂಚು ಹಿಡಿದು, ಬಜಾರಿನ ಜನ ನೋಡುತ್ತಿರುವಂತೆಯೇ, ಗೋಣಿತಟ್ಟಿನ ಮೇಲೆ ಪೂರಾ ಮಗುಚಿದಳು. ಒದ್ದೆ ಬಟ್ಟೆ ಕೊಡವಿದಳು. ಖಾಲಿ ಬುಟ್ಟಿಯೊಳಗೆ ಕೈ ಹಾಕಿ ತಳವನ್ನು ಒಂದು ಸುತ್ತು ಸವರಿ ನೋಡಿದಳು. ಬೆರಳು ಮೂಗಿಗೆ ಹಿಡಿದಳು.

"ದಿನಾ ಹಿಂಗ ಸುರೀತೀನಿ," ಎಂದಳು. "ಬದುಕಿರೋತನಕ."

"ಸುರಿ."

"ಕೈಗೇನಾತು?"

"ಮಾಲಿನವ ಬಂದು ಮಾಲು ಎಲ್ಲೈತಿ ಅಂದ. ಹೇಳಲಿಲ್ಲ."

ಅವಳು ಆ ಬಿದಿರು ಕಟ್ಟನ್ನು ನೋಡಿದಳು. ಮುಟ್ಟಲಿಲ್ಲ. ಕೂತು, ಅವನು ಕಟ್ಟಿದ್ದ ದಂಡೆ ಎತ್ತಿಕೊಂಡು ಗಂಟು ಗಂಟಾಗಿ ಬಿಚ್ಚಿದಳು. ನಾರಿನ ಒಂದು ತುದಿಯನ್ನು ಅವನ ಎಡಗೈಗೆ ಕೊಟ್ಟಳು. "ಬಿಗಿ ಹಿಡಿ. ಸಡ್ಲ ಬಿಟ್ರ ಉದುರತಾವು."

ಅವನು ಹಿಡಿದ. ರಸ್ತೆಯ ಆ ತುದಿಯಲ್ಲಿ ಬುಲೆಟ್ ಒಂದು ಗುಡುಗಿತು. ಅವನ ಕುತ್ತಿಗೆ ತಿರುಗಿತು, ನಾರು ಸಡಿಲವಾಯಿತು.

"ಬಿಗಿ ಅಂದೆ," ಎಂದಳು ಪಕ್ಕೀರಮ್ಮ, ಮೊಗ್ಗಿನಿಂದ ಕಣ್ಣೆತ್ತದೆ.